ರೈಲ್ಸ್: ಒಂದೇ ಡೊಮೈನ್ ಹೆಸರು ಆರು ಕಡೆ ಇದೆ, ಒಂದೇ ಕಡೆ ಇಡೋದು ಹೇಗೆ?

ಹಳೇರೈಲು

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಬಸ್ಸಿನಲ್ಲಿ ಕೂತು ಫೋನಿನಲ್ಲಿ ಬರೆಯುತ್ತಿದ್ದೇನೆ. ಪದಪದಕ್ಕೂ ಕೀಬೋರ್ಡ್ ಬದಲಿಸೋಕೆ ತಾಳ್ಮೆ ಇಲ್ಲ. ಕೋಡಿನ ಹೆಸರುಗಳನ್ನೂ ಕನ್ನಡ ಅಕ್ಷರದಲ್ಲೇ ಹಾಕಿದ್ದೇನೆ, ಅಡ್ಜಸ್ಟ್ ಮಾಡಿಕೊಂಡು ಓದಿ.

ನಮ್ಮದು ಹಳೇ ರೈಲ್ಸ್ (ರೂಬಿ ಭಾಷೆಯ ವೆಬ್ ಫ್ರೇಮ್‌ವರ್ಕ್) ಆ್ಯಪ್. 5.2ರಲ್ಲಿ ಶುರುವಾಗಿದ್ದು, ಈಗ 7.1ರಲ್ಲಿದೆ. ಹೋದ ತಿಂಗಳು ಡೊಮೈನ್ ಹೆಸರು ಬದಲಾಯಿತು. ಒಂದು ಸ್ಟ್ರಿಂಗ್ ಬದಲಿಸೋದು, ಐದು ನಿಮಿಷದ ಕೆಲಸ ಅಂತ ಮ್ಯಾನೇಜರ್‌ಗೆ ಹೇಳಿದ್ದೆ. ಆ ಮಾತನ್ನು ಅವರು ಇನ್ನೂ ಮರೆತಿಲ್ಲ.

ಡಿಪ್ಲಾಯ್ ಮಾಡಿದ ತಕ್ಷಣ ಹೊಸ ಹೆಸರಿಗೆ 403, ಅಂದರೆ ಪ್ರವೇಶ ಇಲ್ಲ. ನೋಡಿದರೆ ಪ್ರೊಡಕ್ಷನ್ ಫೈಲಿನ ಕಾನ್ಫಿಗ್.ಹೋಸ್ಟ್ಸ್‌ನಲ್ಲಿ ಹಳೇ ಹೆಸರು. ಸರಿ ಮಾಡಿದೆ. ಪೇಜ್ ಬಂತು, ಆದರೆ ಲಾಗಿನ್ ಆಗುತ್ತಿಲ್ಲ, ಫಾರ್ಮ್ ಒತ್ತಿದರೆ 422, ಅಂದರೆ ತಿರಸ್ಕಾರ. ಸೆಷನ್ ಕುಕಿಗೆ ಯಾರೋ ಡೊಮೈನ್ ಅಂತ ಹಳೇದನ್ನು ಕೈಯಲ್ಲಿ ಬರೆದಿದ್ದರು. ಹೊಸ ಹೆಸರಿನಿಂದ ಹಳೇ ಹೆಸರಿನ ಕುಕಿ ಬಂದರೆ ಬ್ರೌಸರ್ ಅದನ್ನು ಇಟ್ಟುಕೊಳ್ಳೋದೇ ಇಲ್ಲ. ಹಾಗಾಗಿ ಪ್ರತಿ ಸಲವೂ ಸೆಷನ್ ಖಾಲಿ, ಸಿಎಸ್‌ಆರ್‌ಎಫ್ ಟೋಕನ್ (ಫಾರ್ಮ್ ನಮ್ಮದೇ ಅಂತ ಪರೀಕ್ಷಿಸುವ ಗುರುತು) ತಾಳೆ ಆಗಲ್ಲ. ಅದೂ ಸರಿ ಮಾಡಿದೆ. ಮಧ್ಯಾಹ್ನ ಸಪೋರ್ಟ್‌ನವರು ಬಂದು ಪಾಸ್‌ವರ್ಡ್ ರೀಸೆಟ್ ಮೇಲ್‌ನಲ್ಲಿ ಹಳೇ ಲಿಂಕ್ ಹೋಗ್ತಿದೆ ಅಂದರು. ಅದು ಮೇಲ್ ಕಳಿಸುವ ರೈಲ್ಸ್ ಭಾಗ, ಆ್ಯಕ್ಷನ್ ಮೇಲರ್‌ನ ಡೀಫಾಲ್ಟ್_ಯುಆರ್‌ಎಲ್_ಆಪ್ಷನ್ಸ್. ಅದನ್ನು ಬದಲಿಸಿದ ಮೇಲೂ ಇನ್‌ವಾಯ್ಸ್ ಪಿಡಿಎಫ್‌ನಲ್ಲಿ ಹಳೇ ಲಿಂಕ್. ಯಾಕಂದರೆ ಪಿಡಿಎಫ್ ಮಾಡುವ ಜಾಬ್ ಮೇಲರ್‌ದನ್ನು ನೋಡಲ್ಲ, ರೌಟ್ಸ್‌ನದೇ ಬೇರೆ ಡೀಫಾಲ್ಟ್_ಯುಆರ್‌ಎಲ್_ಆಪ್ಷನ್ಸ್ ಇದೆ.

ಸಂಜೆ ಹೊತ್ತಿಗೆ ಚಾಟ್ ನಿಂತಿದೆ ಅಂತ ಗೊತ್ತಾಯಿತು. ಇದು ಮಾತ್ರ ನಿಜಕ್ಕೂ ತಲೆ ತಿಂದಿತು. ಪೇಜ್‌ನಲ್ಲಿ ಒಂದು ಎರರ್ ಕೂಡ ಕಾಣಲ್ಲ, ಸುಮ್ನೆ ಮತ್ತೆ ಮತ್ತೆ ಕನೆಕ್ಟ್ ಆಗೋಕೆ ನೋಡುತ್ತಾ ಕೂತಿರುತ್ತದೆ. ಸರ್ವರ್ ಲಾಗ್ ತೆಗೆದರೆ ಸಾಲುಸಾಲಾಗಿ "ರಿಕ್ವೆಸ್ಟ್ ಒರಿಜಿನ್ ನಾಟ್ ಅಲೋಡ್". ನಮ್ಮ ಆ್ಯಕ್ಷನ್ ಕೇಬಲ್ (ಚಾಟಿನ ಲೈವ್ ಕನೆಕ್ಷನ್ ನೋಡಿಕೊಳ್ಳುವ ರೈಲ್ಸ್ ಭಾಗ) ಬೇರೆ ಸಬ್‌ಡೊಮೈನ್‌ನಲ್ಲಿದೆ. ಅದೇ ಹೋಸ್ಟ್ ಆಗಿದ್ದರೆ ರೈಲ್ಸ್ ತಾನೇ ಬಿಡುತ್ತಿತ್ತು. ಬೇರೆ ಆಗಿದ್ದಕ್ಕೆ ಅಲೋಡ್_ರಿಕ್ವೆಸ್ಟ್_ಒರಿಜಿನ್ಸ್ ಪಟ್ಟಿಯಲ್ಲಿ ಇರಬೇಕು.

ಆರನೆಯದು ಅಸೆಟ್_ಹೋಸ್ಟ್, ಅಂದರೆ ಚಿತ್ರ, ಸ್ಟೈಲ್ ಫೈಲುಗಳು ಬರುವ ವಿಳಾಸ. ಹಳೇ ಡೊಮೈನ್ ಇನ್ನೂ ಬದುಕಿದ್ದರಿಂದ ಚಿತ್ರಗಳೆಲ್ಲ ಬರುತ್ತಲೇ ಇದ್ದವು, ಯಾರಿಗೂ ಗೊತ್ತಾಗಲಿಲ್ಲ. ಹತ್ತು ದಿನ ಬಿಟ್ಟು ಹಳೇದನ್ನು ಆಫ್ ಮಾಡಿದ ದಿನ ಸೈಟು ಬೋಳಾಯಿತು.

ಇದೇ ಆರು ಸಾಲು ಸ್ಟೇಜಿಂಗ್ (ಪರೀಕ್ಷೆಗೆ ಇಟ್ಟ ಸರ್ವರ್) ಫೈಲಿನಲ್ಲೂ ಇವೆ, ಅಂದರೆ ಒಟ್ಟು ಹನ್ನೆರಡು. ಡೇಟಾಬೇಸ್ ಫೈಲಿನಲ್ಲಿ & ಮತ್ತು * ಹಾಕಿ ಒಂದನ್ನೇ ಎಲ್ಲ ಕಡೆ ಬಳಸುತ್ತಾರಲ್ಲ, ಆ ಥರ ಏನಾದರೂ ಇಲ್ಲಿ ಆಗುತ್ತಾ? ಇನಿಶಿಯಲೈಜರ್ಸ್ ಫೋಲ್ಡರಿನಲ್ಲಿ ಒಂದು ಕಾನ್‌ಸ್ಟಂಟ್ ಇಟ್ಟು ನೋಡಿದೆ. ಪ್ರೊಡಕ್ಷನ್ ಫೈಲ್ ಓದುವಾಗ ಆ ಕಾನ್‌ಸ್ಟಂಟ್ ಇಲ್ಲವೇ ಇಲ್ಲ ಅಂತ ಬೂಟೇ ಆಗಲಿಲ್ಲ. ನೀವೆಲ್ಲ ಹೇಗೆ ಮಾಡುತ್ತೀರಿ?

---

ಅಡಿಕೆತೋಟ

ಇನಿಶಿಯಲೈಜರ್‌ನಲ್ಲಿ ಯಾಕೆ ಆಗಲಿಲ್ಲ ಅನ್ನೋದನ್ನು ಮೊದಲು ಹೇಳುತ್ತೇನೆ. ಅದು ತಿಳಿದರೆ ಉಳಿದದ್ದು ತಾನೇ ತಿಳಿಯುತ್ತದೆ.

ರೈಲ್ಸ್ ಬೂಟ್ ಆಗುವಾಗ ಮೊದಲು ಕಾನ್ಫಿಗ್ ಫೋಲ್ಡರಿನ ಅಪ್ಲಿಕೇಶನ್.ಆರ್‌ಬಿ ಓದುತ್ತದೆ. ಆಮೇಲೆ ಎನ್ವಿರಾನ್‌ಮೆಂಟ್ಸ್ ಒಳಗಿನ ಆಯಾ ಫೈಲು, ಅಂದರೆ ಪ್ರೊಡಕ್ಷನ್.ಆರ್‌ಬಿ ಅಥವಾ ಡೆವಲಪ್‌ಮೆಂಟ್.ಆರ್‌ಬಿ. ಕೊನೆಗೆ ಇನಿಶಿಯಲೈಜರ್ಸ್. ನೀವು ಕೊನೆಯ ಪಂಕ್ತಿಯಲ್ಲಿ ಬಡಿಸುವ ಪಾಯಸವನ್ನು ಮೊದಲ ಪಂಕ್ತಿಯವರಿಗೆ ಕೊಡೋಕೆ ಹೋಗಿದ್ದೀರಿ. ಎಲ್ಲರಿಗೂ ಬೇಕಾದ ವ್ಯಾಲ್ಯೂ ಅಪ್ಲಿಕೇಶನ್.ಆರ್‌ಬಿ ಹೊತ್ತಿಗೇ ಸಿದ್ಧ ಇರಬೇಕು.

ಅದಕ್ಕೆ ರೈಲ್ಸ್‌ನಲ್ಲೇ ದಾರಿ ಇದೆ, ಜೆಮ್ ಗಿಮ್ ಏನೂ ಬೇಡ. 4.2ರಿಂದ ಕಾನ್ಫಿಗ್_ಫಾರ್ ಅಂತ ಒಂದು ಮೆಥಡ್ ಇದೆ. ಕಾನ್ಫಿಗ್ ಫೋಲ್ಡರಿನಲ್ಲಿ ಸೈಟ್.ವೈಎಂಎಲ್ ಅಂತ ಒಂದು ಫೈಲ್ ಮಾಡಿ, ಹೀಗೆ:

ಶೇರ್ಡ್:
  ಪ್ರೊಟೊಕಾಲ್: ಎಚ್‌ಟಿಟಿಪಿಎಸ್
ಡೆವಲಪ್‌ಮೆಂಟ್:
  ಪ್ರೊಟೊಕಾಲ್: ಎಚ್‌ಟಿಟಿಪಿ
  ಹೋಸ್ಟ್: ಲೋಕಲ್‌ಹೋಸ್ಟ್
ಸ್ಟೇಜಿಂಗ್:
  ಹೋಸ್ಟ್: ಸ್ಟೇಜಿಂಗ್.ಎಕ್ಸಾಂಪಲ್.ಇನ್
ಪ್ರೊಡಕ್ಷನ್:
  ಹೋಸ್ಟ್: ಎಕ್ಸಾಂಪಲ್.ಇನ್

ಶೇರ್ಡ್ ಅನ್ನೋದು ರೈಲ್ಸ್‌ಗೆ ಗೊತ್ತಿರುವ ಹೆಸರು. ಅದರೊಳಗಿನದು ಎಲ್ಲ ಎನ್ವಿರಾನ್‌ಮೆಂಟಿಗೂ ಸಿಗುತ್ತದೆ, ಎರಡೂ ಕಡೆ ಇದ್ದರೆ ಎನ್ವಿರಾನ್‌ಮೆಂಟಿನದೇ ಗೆಲ್ಲುತ್ತದೆ. ಅಪ್ಲಿಕೇಶನ್.ಆರ್‌ಬಿ ಕ್ಲಾಸಿನೊಳಗೆ ಒಂದೇ ಸಾಲು: ಕಾನ್ಫಿಗ್.ಎಕ್ಸ್.ಸೈಟ್ = ಕಾನ್ಫಿಗ್_ಫಾರ್(:ಸೈಟ್). ಈ ಎಕ್ಸ್ ಅನ್ನೋದು ನಮ್ಮ ಸ್ವಂತ ಸೆಟ್ಟಿಂಗ್‌ಗಳಿಗೆ ಅಂತಲೇ ಬಿಟ್ಟಿರುವ ಜಾಗ.

ಇನ್ನು ಪ್ರೊಡಕ್ಷನ್.ಆರ್‌ಬಿ ಮೇಲ್ಗಡೆ ಹೋಸ್ಟ್ = ಕಾನ್ಫಿಗ್.ಎಕ್ಸ್.ಸೈಟ್.ಹೋಸ್ಟ್! ಅಂತ ಬರೆದುಕೊಳ್ಳಿ. ಕೊನೆಯ ಆಶ್ಚರ್ಯಸೂಚಕ ಚಿಹ್ನೆ ಮರೆಯಬೇಡಿ. ಅದಿಲ್ಲದಿದ್ದರೆ, ಫೈಲಿನಲ್ಲಿ ಹೋಸ್ಟ್ ಬರೆಯೋದು ಮರೆತಿದ್ದರೂ ಬೈಯಲ್ಲ, ಸದ್ದಿಲ್ಲದೆ ನಿಲ್ (ಖಾಲಿ) ಕೊಡುತ್ತದೆ. ಆಮೇಲೆ ಒಂದು ವಾರ ಬಿಟ್ಟು ಯಾವುದೋ ಮೇಲ್ ಕಳಿಸುವಾಗ ಸಿಡಿಯುತ್ತದೆ. ಆ ಚಿಹ್ನೆ ಇದ್ದರೆ ಬೂಟ್ ಆಗುವಾಗಲೇ ಕೀಎರರ್. ಅಲ್ಲಿ ಸತ್ತರೆ ವಾಸಿ, ಡಿಪ್ಲಾಯ್ ನಿಲ್ಲುತ್ತದೆ, ಹಳೇ ವರ್ಶನ್ ಓಡುತ್ತಿರುತ್ತದೆ.

ನಿಮ್ಮ ಆರು ಸಾಲೂ ಈ ಹೋಸ್ಟ್‌ನಿಂದಲೇ ಹುಟ್ಟಲಿ. ಕೇಬಲ್ ಒರಿಜಿನ್‌ಗೆ ಪ್ರೊಟೊಕಾಲ್, :// ಮತ್ತು ಹೋಸ್ಟ್ ಜೋಡಿಸಿ. ಅಸೆಟ್ ಹೋಸ್ಟ್‌ಗೆ ಮುಂದೆ "ಅಸೆಟ್ಸ್." ಸೇರಿಸಿ. ಸೆಷನ್ ಕುಕಿ ಫೈಲು ಇನಿಶಿಯಲೈಜರ್ಸ್‌ನಲ್ಲೇ ಇರುವುದರಿಂದ ಅಲ್ಲಿ ರೈಲ್ಸ್.ಅಪ್ಲಿಕೇಶನ್.ಕಾನ್ಫಿಗ್.ಎಕ್ಸ್.ಸೈಟ್ ಅಂತ ತೆಗೆದುಕೊಂಡರೆ ಆಯಿತು. ಅದು ಕೊನೆಗೆ ಓದುವ ಫೈಲ್, ಅಷ್ಟರಲ್ಲಿ ಎಲ್ಲ ಸಿದ್ಧ ಇರುತ್ತದೆ.

ಕುಕಿ ಡೊಮೈನ್ ನಿಮಗೆ ನಿಜವಾಗಿ ಬೇಕಾ ಅಂತಲೂ ಒಮ್ಮೆ ಯೋಚಿಸಿ. ಸಬ್‌ಡೊಮೈನ್‌ಗಳ ನಡುವೆ ಲಾಗಿನ್ ಹಂಚಿಕೊಳ್ಳೋದಾದರೆ ಬೇಕು, ನಿಮ್ಮ ಚಾಟ್‌ಗೆ ಬಹುಶಃ ಅದಕ್ಕೇ ಹಾಕಿರಬಹುದು. ಇಲ್ಲದಿದ್ದರೆ ಆ ಆಪ್ಷನ್ನನ್ನೇ ತೆಗೆದುಬಿಡಿ, ಬ್ರೌಸರ್ ಬಂದ ಹೋಸ್ಟ್‌ಗೇ ಕುಕಿ ಕಟ್ಟಿಕೊಳ್ಳುತ್ತದೆ.

---

ಹೊಸಬ_22

ಅಣ್ಣಾ, ಮಧ್ಯೆ ಬಾಯಿ ಹಾಕ್ತಿದ್ದೇನೆ, ಕ್ಷಮಿಸಿ. ನಾನು ರೈಲ್ಸ್‌ಗೆ ಹೊಸಬ. ಈ ಡೇಟಾಬೇಸ್ ಫೈಲಿನ & * << ಚಿಹ್ನೆಗಳನ್ನು ದಿನಾ ನೋಡುತ್ತೇನೆ, ಮುಟ್ಟೋಕೆ ಭಯ. ಅದೇನದು? ಅದನ್ನೇ ಸೈಟ್ ಫೈಲಿನಲ್ಲೂ ಹಾಕಬಹುದಲ್ವಾ, ಶೇರ್ಡ್ ಯಾಕೆ?

---

ರಾತ್ರಿಪಾಳಿ

ಭಯ ಪಡೋ ಅಂಥದ್ದೇನೂ ಇಲ್ಲ, ಆದರೆ ಅದು ಒಂದು ಸಲ ನನ್ನ ನಿದ್ದೆ ಹಾಳು ಮಾಡಿದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಅವು ರೈಲ್ಸ್‌ನವಲ್ಲ, ಯಾಮಲ್‌ನವು, ಅಂದರೆ ಈ .ವೈಎಂಎಲ್ ಫೈಲುಗಳನ್ನು ಬರೆಯುವ ಭಾಷೆಯವು. & ಅಂದರೆ ಈ ತುಂಡಿಗೆ ಒಂದು ಹೆಸರು ಕಟ್ಟು. * ಅಂದರೆ ಆ ಹೆಸರಿನ ತುಂಡನ್ನು ಇಲ್ಲಿ ತಾ. << ಅಂದರೆ ತಂದದ್ದನ್ನು ಈ ಜಾಗದಲ್ಲಿ ಬೆರೆಸು. ಡೀಫಾಲ್ಟ್: &ಡೀಫಾಲ್ಟ್ ಅಂತ ಮೇಲೆ ಬರೆದು, ಪ್ರೊಡಕ್ಷನ್ ಕೆಳಗೆ <<: *ಡೀಫಾಲ್ಟ್ ಅಂದರೆ ಅಡಾಪ್ಟರ್, ಎನ್‌ಕೋಡಿಂಗ್, ಪೂಲ್ ಎಲ್ಲ ಬಂದು ಕೂರುತ್ತವೆ. ಅದರ ಕೆಳಗೆ ಡೇಟಾಬೇಸ್ ಹೆಸರು ಮಾತ್ರ ಬೇರೆ ಬರೆದರೆ ಮುಗಿಯಿತು. ರೈಲ್ಸ್ 8ರಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ಆರಿಸಿ ಹೊಸ ಆ್ಯಪ್ ಮಾಡಿ ನೋಡಿ, ಪ್ರೊಡಕ್ಷನ್ ಒಳಗೆ ಪ್ರೈಮರಿ, ಕ್ಯಾಶ್, ಕ್ಯೂ, ಕೇಬಲ್ ಅಂತ ನಾಲ್ಕು ಡೇಟಾಬೇಸ್ ಇರುತ್ತವೆ. ಪ್ರೈಮರಿಗೆ ಒಂದು & ಕಟ್ಟಿ ಉಳಿದ ಮೂರೂ ಅದರಿಂದಲೇ ಎತ್ತಿಕೊಳ್ಳುತ್ತವೆ.

ಈಗ ನಿದ್ದೆ ಕೆಟ್ಟ ಕತೆ. ಪೋಸ್ಟ್‌ಗ್ರೆಸ್. ಡೀಫಾಲ್ಟ್‌ನಲ್ಲಿ ಹೀಗಿತ್ತು:

ಡೀಫಾಲ್ಟ್: &ಡೀಫಾಲ್ಟ್
  ವೇರಿಯಬಲ್ಸ್:
    ಸ್ಟೇಟ್‌ಮೆಂಟ್_ಟೈಮ್‌ಔಟ್: 5000
    ಲಾಕ್_ಟೈಮ್‌ಔಟ್: 2000

ಪ್ರೊಡಕ್ಷನ್‌ನಲ್ಲಿ ದೊಡ್ಡ ರಿಪೋರ್ಟ್‌ಗಳು ಐದು ಸೆಕೆಂಡಿಗೆ ಸಾಯುತ್ತಿದ್ದವು. ಅದಕ್ಕೆ ನಾನು ಹೀಗೆ ಬರೆದೆ:

ಪ್ರೊಡಕ್ಷನ್:
  <<: *ಡೀಫಾಲ್ಟ್
  ವೇರಿಯಬಲ್ಸ್:
    ಸ್ಟೇಟ್‌ಮೆಂಟ್_ಟೈಮ್‌ಔಟ್: 15000

ಒಂದು ಬದಲಿಸಿದ್ದೇನೆ, ಇನ್ನೊಂದು ಡೀಫಾಲ್ಟ್‌ನಿಂದ ಬರುತ್ತೆ ಅಂತ ನನ್ನ ನಂಬಿಕೆ. ಬರಲಿಲ್ಲ. << ಬೆರೆಸೋದು ಮೇಲಿನ ಒಂದು ಪದರ ಮಾತ್ರ. ವೇರಿಯಬಲ್ಸ್ ಅನ್ನೋ ಕೀ ಎರಡೂ ಕಡೆ ಇದೆ, ಹಾಗಾಗಿ ನನ್ನದು ಇಡಿಯಾಗಿ ಕೂತು ಹಳೇದು ಇಡಿಯಾಗಿ ಹೋಯಿತು, ಜೊತೆಗೆ ಲಾಕ್_ಟೈಮ್‌ಔಟ್ ಕೂಡ. ಪೋಸ್ಟ್‌ಗ್ರೆಸ್‌ನಲ್ಲಿ ಅದು ಇಲ್ಲ ಅಂದರೆ ಲಾಕ್‌ಗೆ ಎಷ್ಟು ಹೊತ್ತಾದರೂ ಕಾಯಿ ಅಂತ ಅರ್ಥ. ಎರಡು ವಾರ ಏನೂ ಆಗಲಿಲ್ಲ. ಆಮೇಲೆ ಒಂದು ರಾತ್ರಿ ಒಂದು ಮೈಗ್ರೇಶನ್ (ಟೇಬಲ್ ರಚನೆ ಬದಲಿಸುವ ಸ್ಕ್ರಿಪ್ಟ್) ಟೇಬಲ್ ಲಾಕ್‌ಗೆ ಕಾಯುತ್ತಾ ನಿಂತಿತು, ಅದರ ಹಿಂದೆ ಬಂದ ಕ್ವೆರಿಗಳೆಲ್ಲ ರೇಷನ್ ಅಂಗಡಿ ಮುಂದೆ ನಿಂತ ಹಾಗೆ ಸಾಲು ನಿಂತವು. ಎರಡು ಸೆಕೆಂಡಿಗೆ ಕೈಬಿಡಬೇಕಿದ್ದ ಮೈಗ್ರೇಶನ್ ಸ್ಟೇಟ್‌ಮೆಂಟ್_ಟೈಮ್‌ಔಟ್ ಕೊಲ್ಲುವವರೆಗೆ ಪೂರ್ತಿ ಹದಿನೈದು ಸೆಕೆಂಡು ಹಿಡಿದುಕೊಂಡಿತು. ಅಷ್ಟರಲ್ಲಿ ಸೈಟು ನೆಲಕ್ಕೆ. ಡಿಪ್ಲಾಯ್ ಸ್ಕ್ರಿಪ್ಟ್ ಬೇರೆ ಸೋತರೆ ಮೂರು ಸಲ ಪ್ರಯತ್ನಿಸು ಅಂತ ಇತ್ತು.

ಡಿಫ್ ನೋಡಿದರೆ ಸೇರಿಸಿದ ಎರಡು ಸಾಲು ಕಾಣುತ್ತವೆ. ಹೋದ ಒಂದು ಸಾಲು ಎಲ್ಲೂ ಕಾಣಲ್ಲ. ರಿವ್ಯೂ ಮಾಡಿದವರನ್ನು ಏನಂತ ಬೈಯೋದು?

ಕಾನ್ಫಿಗ್_ಫಾರ್‌ನ ಶೇರ್ಡ್ ಹಾಗಲ್ಲ. ಈಗಿನ ರೈಲ್ಸ್‌ನಲ್ಲಿ ಅದು ಒಳಗಿನ ಪದರಗಳನ್ನೂ ಬೆರೆಸುತ್ತದೆ. ಅದಕ್ಕೇ ಅಡಿಕೆತೋಟ ಅವರು ಶೇರ್ಡ್ ಹೇಳಿದ್ದು ಸರಿ. ಆದರೆ ಡೇಟಾಬೇಸ್ ಫೈಲಿಗೆ ಆ ಭಾಗ್ಯ ಇಲ್ಲ, ಅಲ್ಲಿ ಒಳಪದರ ತಾನಾಗಿ ಬೆರೆಯಲ್ಲ. ಒಳಪದರ ಬೇಕಾದರೆ ವೇರಿಯಬಲ್ಸ್‌ಗೇ ಬೇರೆ & ಕಟ್ಟಿ, ಒಳಗೆ ಇನ್ನೊಂದು << ಹಾಕಬೇಕು. ನೋಡೋಕೆ ಚೆಂದ ಇರಲ್ಲ, ಕೆಲಸ ಮಾಡುತ್ತದೆ.

ಇನ್ನೆರಡು ಮಾತು. & ಕಟ್ಟಿದ ಹೆಸರು ಆ ಫೈಲಿನೊಳಗೆ ಮಾತ್ರ, ಬೇರೆ ಫೈಲಿನಿಂದ ಎಳೆಯೋಕಾಗಲ್ಲ. ಎರಡು ತುಂಡನ್ನು ಅಂಟಿಸಿ ಒಂದು ಸ್ಟ್ರಿಂಗ್ ಮಾಡೋಕೂ ಆಗಲ್ಲ. ಅಂದರೆ ಹೋಸ್ಟ್ ಒಂದು ಕಡೆ ಇಟ್ಟು ಅದರ ಮುಂದೆ "ಅಸೆಟ್ಸ್." ಸೇರಿಸು ಅಂತ ಯಾಮಲ್‌ಗೆ ಹೇಳೋಕೆ ಬರಲ್ಲ. ಅಂಟಿಸೋದನ್ನು ರೂಬಿಯಲ್ಲೇ ಮಾಡಿ.

---

ಹೊಸಬ_22

ಈಗ ಭಯ ಜಾಸ್ತಿ ಆಯ್ತು 😄 ಆದರೆ ಅರ್ಥ ಆಯ್ತು, ಥ್ಯಾಂಕ್ಸ್.

---

ಬೆಣ್ಣೆದೋಸೆ

ರಾತ್ರಿಪಾಳಿ ಹೇಳಿದ್ದಕ್ಕೆ ಒಂದು ಸಾಲು ಸೇರಿಸುತ್ತೇನೆ. ಹಳೇ ಆ್ಯಪ್ ಅಂದಿರಿ ಅಲ್ವಾ. ಇನಿಶಿಯಲೈಜರ್‌ಗಳಲ್ಲಿ ಯಾರಾದರೂ ಯಾಮಲ್.ಲೋಡ್_ಫೈಲ್ ಅಂತ ಕೈಯಾರೆ ಬರೆದಿದ್ದಾರಾ ನೋಡಿಕೊಳ್ಳಿ. ರೂಬಿ 3.1ರ ಜೊತೆ ಸೈಕ್ 4 (ರೂಬಿಯ ಯಾಮಲ್ ಓದುವ ಲೈಬ್ರರಿ) ಬಂತು, ಆವಾಗಿನಿಂದ ಅದು ಡೀಫಾಲ್ಟಾಗಿ * ಅನ್ನು ಒಪ್ಪಲ್ಲ. "ಅನ್‌ನೋನ್ ಅಲಿಯಾಸ್: ಡೀಫಾಲ್ಟ್" ಅಂತ 3.1ರ ಹೊತ್ತಿನಲ್ಲಿ ಎರರ್ ಬರುತ್ತಿತ್ತು. ಹೆಸರು ಅಲ್ಲೇ ಮೂರು ಸಾಲು ಮೇಲೆ ಕಣ್ಣಿಗೆ ಹೊಡೆಯುವ ಹಾಗೆ ಇರುತ್ತದೆ, ಗೊತ್ತಿಲ್ಲ ಅನ್ನುತ್ತಲ್ಲ ಅಂತ ತಲೆ ಕೆಡಿಸಿಕೊಳ್ಳುತ್ತೀರಿ. ಸ್ಪೆಲ್ಲಿಂಗ್ ತಪ್ಪಲ್ಲ ಅದು. ಅಲಿಯಾಸಸ್: ಟ್ರೂ ಅಂತ ಕೊಡಬೇಕು, ಅಥವಾ ಆ ಸಾಲು ಕಿತ್ತು ಕಾನ್ಫಿಗ್_ಫಾರ್ ಹಾಕಿ. 7.1ರಲ್ಲಿ ರೈಲ್ಸ್‌ನ ಸ್ವಂತ ಫೈಲುಗಳಿಗೆ ಈ ತೊಂದರೆ ಇಲ್ಲ. ಹಳೇ ರೈಲ್ಸ್ ಇಟ್ಟುಕೊಂಡು ರೂಬಿ ಮಾತ್ರ ಏರಿಸಿದವರಿಗೆ ಡೇಟಾಬೇಸ್ ಫೈಲೇ ಓದೋಕಾಗದೆ ನಿಂತಿದ್ದು ನೆನಪಿದೆ.

---

ಮೋಡದಮರೆ

ಇಷ್ಟೆಲ್ಲ ಯಾಕೆ? ಎನ್ವಿರಾನ್‌ಮೆಂಟ್ ವೇರಿಯಬಲ್ ಒಂದು ಸಾಕು. ಆ್ಯಪ್_ಹೋಸ್ಟ್ ಅಂತ ಸರ್ವರ್‌ನಲ್ಲಿ ಒಂದು ಇಡಿ, ಎಲ್ಲ ಕಡೆ ಅದನ್ನೇ ಓದಿ. ಫೈಲಿನಲ್ಲಿ ಹೋಸ್ಟ್ ಇದ್ದರೆ ಡೊಮೈನ್ ಬದಲಾದಾಗ ಕೋಡೇ ಬದಲಿಸಬೇಕು. ವೇರಿಯಬಲ್ ಆದರೆ ರೀಸ್ಟಾರ್ಟ್ ಮಾಡಿದರೆ ಮುಗಿಯಿತು. ಸ್ಟೇಜಿಂಗ್‌ಗೆ ಬೇರೆ ಫೈಲೇ ಬೇಡ, ಅದೂ ಪ್ರೊಡಕ್ಷನ್ ಮೋಡ್‌ನಲ್ಲೇ ಓಡಲಿ, ವೇರಿಯಬಲ್‌ಗಳು ಮಾತ್ರ ಬೇರೆ.

---

ಅಡಿಕೆತೋಟ

ಕೊನೆಯ ಮಾತು ಒಪ್ಪುತ್ತೇನೆ. ಸ್ಟೇಜಿಂಗ್‌ಗೆ ಪ್ರೊಡಕ್ಷನ್ ಫೈಲನ್ನು ಕಾಪಿ ಮಾಡಿಟ್ಟರೆ ಆರು ತಿಂಗಳಲ್ಲಿ ಎರಡೂ ಬೇರೆಬೇರೆ ದಾರಿ ಹಿಡಿಯುತ್ತವೆ. ಸ್ಟೇಜಿಂಗ್ ಅಂತ ಹೆಸರು ಬೇಕೇ ಬೇಕು ಅನ್ನುವವರು ಸ್ಟೇಜಿಂಗ್.ಆರ್‌ಬಿ ಮೊದಲ ಸಾಲಿನಲ್ಲಿ ರಿಕ್ವೈರ್_ರಿಲೇಟಿವ್ ಹಾಕಿ ಪ್ರೊಡಕ್ಷನ್ ಎಳೆದುಕೊಂಡು, ಕೆಳಗೆ ಬೇರೆ ಇರುವ ಮೂರು ನಾಲ್ಕು ಸಾಲು ಮಾತ್ರ ಬರೆಯಲಿ. ಒಂದು ಎಚ್ಚರ: ಪ್ರೊಡಕ್ಷನ್ ಫೈಲ್ ಪೂರ್ತಿ ಓಡಿ ಮುಗಿದ ಮೇಲೆ ನಿಮ್ಮ ಸಾಲುಗಳು ಓಡುತ್ತವೆ. ಪ್ರೊಡಕ್ಷನ್ ಫೈಲು ಒಂದು ವ್ಯಾಲ್ಯೂವಿನಿಂದ ಇನ್ನೊಂದನ್ನು ಮಾಡಿಟ್ಟಿದ್ದರೆ, ಮೊದಲನೆಯದನ್ನು ನೀವು ಆಮೇಲೆ ಬದಲಿಸಿದರೂ ಎರಡನೆಯದು ಬದಲಾಗಲ್ಲ. ಸೈಟ್.ವೈಎಂಎಲ್ ಆದರೆ ಆ ತೊಂದರೆ ಇಲ್ಲ, ಅದನ್ನು ಓದೋದು ಇವೆರಡಕ್ಕಿಂತ ಮೊದಲು.

ಆದರೆ ಎಲ್ಲವನ್ನೂ ವೇರಿಯಬಲ್ ಮಾಡಿದರೆ ರಿಪೀಟ್ ಆಗೋದು ನಿಲ್ಲಲ್ಲ, ಜಾಗ ಬದಲಿಸುತ್ತದೆ ಅಷ್ಟೇ. ವೆಬ್ ಸರ್ವರ್ ಎರಡು, ವರ್ಕರ್ ಒಂದು, ಕ್ರಾನ್ ಓಡೋ ಮೆಷಿನ್ ಒಂದು. ನಾಲ್ಕು ಕಡೆ ಅದೇ ಪಟ್ಟಿ. ಗಿಟ್‌ನಲ್ಲಿ ಇದ್ದಿದ್ದರೆ ಯಾರು ಯಾವಾಗ ಬದಲಿಸಿದರು ಅಂತ ಗೊತ್ತಾಗುತ್ತಿತ್ತು. ನಾವು ಹೀಗೆ ಭಾಗ ಮಾಡಿದ್ದೇವೆ: ಗುಟ್ಟು ಇರುವುದು ಮತ್ತು ಮೆಷಿನ್‌ನಿಂದ ಮೆಷಿನ್‌ಗೆ ಬದಲಾಗುವುದು ಹೊರಗೆ, ಉಳಿದದ್ದು ಫೈಲಿನಲ್ಲಿ. ನಿಮ್ಮ ಡೊಮೈನ್ ಹೆಸರು ಗುಟ್ಟೂ ಅಲ್ಲ, ಮೆಷಿನ್‌ಗೊಂದು ಥರವೂ ಅಲ್ಲ. ಇಡೀ ಊರಿಗೇ ಗೊತ್ತಿರುವ ವಿಷಯ ಅದು.

---

ರಾತ್ರಿಪಾಳಿ

ವೇರಿಯಬಲ್ ಬಳಸೋದಾದರೆ ಒಂದು ಕಿವಿಮಾತು. ಅದರಿಂದ ಬರೋದೆಲ್ಲ ಸ್ಟ್ರಿಂಗ್. ಮೇಲ್_ಕಳಿಸು ಅಂತ ಒಂದು ಇಟ್ಟು ಅದಕ್ಕೆ ಫಾಲ್ಸ್ ಅಂತ ಬರೆದರೆ, ರೂಬಿಗೆ ಅದು "ಫಾಲ್ಸ್" ಅನ್ನೋ ಪದ. ರೂಬಿಯಲ್ಲಿ ಸುಳ್ಳು ಅಂದರೆ ನಿಲ್ ಮತ್ತು ಫಾಲ್ಸ್ ಎರಡೇ, ಖಾಲಿ ಸ್ಟ್ರಿಂಗ್ ಕೂಡ ನಿಜ. ಸ್ಟೇಜಿಂಗ್‌ನಿಂದ ನಿಜವಾದ ಗ್ರಾಹಕರಿಗೆ ಮೇಲ್ ಹೋದ ಕತೆ ನನ್ನ ಹತ್ತಿರ ಒಂದಿದೆ, ಇನ್ನೊಂದು ದಿನ ಹೇಳುತ್ತೇನೆ. ಯಾಮಲ್ ಒಳಗೆ ಇಆರ್‌ಬಿ (ಫೈಲಿನೊಳಗೆ ರೂಬಿ ಬರೆಯುವ ವಿಧಾನ) ಮೂಲಕ ಅದೇ ವೇರಿಯಬಲ್ ತಂದರೆ ಮಾತ್ರ ಯಾಮಲ್ ಅದನ್ನು ಫಾಲ್ಸ್ ಅಂತಲೇ ಓದುತ್ತದೆ. ಒಂದೇ ವೇರಿಯಬಲ್, ಎರಡು ಜಾಗದಲ್ಲಿ ಎರಡು ಅರ್ಥ. ಅದಕ್ಕೇ ಒಂದೇ ಕಡೆ ಓದಿ, ಅಲ್ಲೇ ಸರಿಯಾದ ಟೈಪಿಗೆ ತನ್ನಿ, ಉಳಿದವರೆಲ್ಲ ಅಲ್ಲಿಂದ ತೆಗೆದುಕೊಳ್ಳಲಿ.

---

ಲಾರಾವೆಲ್‌ಭಕ್ತ

ರೈಲ್ಸ್‌ನವರ ಮನೆಗೆ ಬಂದಿದ್ದೇನೆ, ಚಪ್ಪಲಿ ಹೊರಗೆ ಬಿಟ್ಟಿದ್ದೇನೆ. ನಮ್ಮ ಪಿಎಚ್‌ಪಿ ಲೋಕದ ಲಾರಾವೆಲ್‌ನಲ್ಲಿ ಇದೇ ಮಾತನ್ನು ಫ್ರೇಮ್‌ವರ್ಕೇ ಬಲವಂತವಾಗಿ ಕಲಿಸುತ್ತದೆ. ಪ್ರೊಡಕ್ಷನ್‌ನಲ್ಲಿ ಕಾನ್ಫಿಗ್:ಕ್ಯಾಶ್ ಕಮಾಂಡ್ ಓಡಿಸಿದ ಮೇಲೆ .ಎನ್ವ್ ಫೈಲನ್ನು ಓದೋದೇ ಇಲ್ಲ. ಕಂಟ್ರೋಲರ್ ಒಳಗೆ ಎನ್ವ್() ಅಂತ ಕರೆದವರಿಗೆ ನಲ್ ಸಿಗುತ್ತದೆ. ಕಾನ್ಫಿಗ್ ಫೋಲ್ಡರಿನಲ್ಲಿ ಮಾತ್ರ ಎನ್ವ್(), ಬೇರೆ ಎಲ್ಲ ಕಡೆ ಕಾನ್ಫಿಗ್(). ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡಿದ್ದು ಸರ್ವರ್‌ನಲ್ಲಿ ಯಾಕೆ ನಲ್ ಅಂತ ಪ್ರತಿಯೊಬ್ಬರೂ ಒಂದು ಸಲ ಅಳಲೇಬೇಕು.

---

ಮೊಸರನ್ನ

ಎಲ್ಲರೂ ಸೇರಿಸಿ ಸೇರಿಸಿ ಅನ್ನುತ್ತಿದ್ದೀರಿ. ನಾನು ಸೇರಿಸಿ ಕೆಟ್ಟವನು, ನನ್ನದೂ ಕೇಳಿ.

ಹಿಂದಿನ ಕೆಲಸದಲ್ಲಿ ಕೋಡ್ ತುಂಬಾ 30 ಅನ್ನೋ ನಂಬರ್ ಇತ್ತು. ಪೇಮೆಂಟ್ ಎಪಿಐಗೆ ಟೈಮ್‌ಔಟ್ 30 ಸೆಕೆಂಡ್. ಎಸ್‌ಎಂಎಸ್ ಕಳಿಸುವ ಸರ್ವೀಸಿಗೆ 30. ಪಿನ್‌ಕೋಡ್ ಹುಡುಕುವ ಇನ್ನೊಂದಕ್ಕೂ 30. ನನಗೋ ಚೊಕ್ಕಟ ಮಾಡುವ ಹುಚ್ಚು. ಎಲ್ಲ ಕಿತ್ತು ಹೊರಗಿನ_ಕರೆ_ಟೈಮ್‌ಔಟ್ ಅಂತ ಒಂದೇ ಸೆಟ್ಟಿಂಗ್ ಮಾಡಿದೆ. ರಿವ್ಯೂನಲ್ಲಿ ಭೇಷ್ ಅಂದರು.

ಮೂರು ತಿಂಗಳ ನಂತರ ಪೇಮೆಂಟ್ ಕಡೆಯವರು ನಿಧಾನವಾದರು, ಯಾರೋ ಅದನ್ನು 90 ಮಾಡಿದರು. ಅವರು ಮಾಡಿದ್ದು ಸರಿಯೇ, ಅವರ ಕಣ್ಣಿಗೆ ಅದು ಪೇಮೆಂಟ್ ಟೈಮ್‌ಔಟ್. ಆದರೆ ಪಿನ್‌ಕೋಡ್ ಹುಡುಕೋದು ನಡೆಯುವುದು ಚೆಕ್‌ಔಟ್ ಪೇಜ್ ತೆರೆಯುವಾಗ, ವೆಬ್ ಥ್ರೆಡ್ ಒಳಗೇ. ಆ ಸರ್ವೀಸ್ ಒಂದು ದಿನ ಸುಸ್ತಾಯಿತು. ಮೊದಲು 30 ಸೆಕೆಂಡಿಗೆ ಬಿಡುಗಡೆ ಆಗುತ್ತಿದ್ದ ಥ್ರೆಡ್ ಈಗ ಒಂದೂವರೆ ನಿಮಿಷ ಹಿಡಿದು ಕೂತಿತು. ನಮ್ಮ ವೆಬ್ ಸರ್ವರ್ ಪ್ಯೂಮಾಗೆ ಥ್ರೆಡ್ ಇರುವುದೇ ಐದು. ಐದು ಜನ ಚೆಕ್‌ಔಟ್ ಒತ್ತಿದರೆ ಆ ವರ್ಕರ್ ಅಷ್ಟೇ.

ಆ ಮೂರು 30 ಒಂದೇ ಥರ ಕಾಣುತ್ತಿದ್ದವು, ಒಂದೇ ವಿಷಯ ಆಗಿರಲಿಲ್ಲ. ಅಕ್ಕಪಕ್ಕದ ಮನೆಯಲ್ಲಿ ಇಬ್ಬರು ಮಂಜುನಾಥರಿದ್ದರೆ ಇಬ್ಬರಿಗೂ ಸೇರಿಸಿ ಒಂದೇ ರೇಷನ್ ಕಾರ್ಡ್ ಮಾಡಲ್ಲ. ಈಗ ನಾನು ಕೇಳಿಕೊಳ್ಳೋದು ಒಂದೇ: ಇದು ಬದಲಾದರೆ ಅದೂ ಬದಲಾಗಲೇಬೇಕಾ? ನಿಮ್ಮ ಡೊಮೈನ್‌ಗೆ ಉತ್ತರ ಹೌದು, ಆರೂ ಕಡೆ. ಒಂದು ಬದಲಾಗಿ ಇನ್ನೊಂದು ಉಳಿದರೆ ಮುರಿಯುತ್ತದೆ, ಮುರಿದಿದ್ದು ನೀವೇ ನೋಡಿದ್ದೀರಿ. ನನ್ನ 30ಕ್ಕೆ ಉತ್ತರ ಇಲ್ಲ.

ಟೆಸ್ಟ್‌ಗಳಲ್ಲೂ ದಯವಿಟ್ಟು ಸೇರಿಸಬೇಡಿ. ಮೇಲ್‌ನಲ್ಲಿ ಸರಿಯಾದ ಲಿಂಕ್ ಇದೆಯಾ ಅಂತ ನೋಡುವ ಟೆಸ್ಟು ಆ ಹೋಸ್ಟನ್ನೂ ಅದೇ ಕಾನ್ಫಿಗ್‌ನಿಂದ ತೆಗೆದುಕೊಂಡರೆ, ಕಾನ್ಫಿಗ್‌ನಲ್ಲಿ ಕಸ ಇದ್ದರೂ ಪಾಸಾಗುತ್ತದೆ. ಅಲ್ಲಿ ಪೂರ್ತಿ ಯುಆರ್‌ಎಲ್ ಕೈಯಲ್ಲೇ ಬರೆಯಿರಿ.

---

ಬೆಣ್ಣೆದೋಸೆ

ಮೊಸರನ್ನ ಅವರ ಪ್ರಶ್ನೆಗೆ ಹೌದು ಅನ್ನುವ ಇನ್ನೊಂದು ನಂಬರ್ ಇದೆ. ಜನ ಅದನ್ನೇ ಸೇರಿಸಲ್ಲ: ಥ್ರೆಡ್ ಮತ್ತು ಡೇಟಾಬೇಸ್ ಪೂಲ್ (ತೆರೆದಿಟ್ಟ ಕನೆಕ್ಷನ್‌ಗಳ ಗುಂಪು).

ಒಂದು ಪ್ರಾಸೆಸ್‌ನಲ್ಲಿ ಎಷ್ಟು ಥ್ರೆಡ್ ಓಡುತ್ತವೋ ಪೂಲ್‌ನಲ್ಲಿ ಅಷ್ಟಾದರೂ ಕನೆಕ್ಷನ್ ಇರಬೇಕು. ಡೇಟಾಬೇಸ್ ಫೈಲು ರೈಲ್ಸ್_ಮ್ಯಾಕ್ಸ್_ಥ್ರೆಡ್ಸ್ ವೇರಿಯಬಲ್ ನೋಡುತ್ತದೆ, ಇಲ್ಲದಿದ್ದರೆ 5. ಪ್ಯೂಮಾ ಫೈಲೂ ಅದನ್ನೇ ನೋಡುತ್ತದೆ, ಅಲ್ಲಿಯೂ 5 ಇತ್ತು, 7.2ರಲ್ಲಿ ಅದನ್ನು 3 ಮಾಡಿದರು. ಇಲ್ಲಿಯವರೆಗೆ ಸರಿ. ಎಡವಟ್ಟಾಗೋದು ಹಿನ್ನೆಲೆಯಲ್ಲಿ ಜಾಬ್ ಓಡಿಸುವ ಸೈಡ್‌ಕಿಕ್‌ನಲ್ಲಿ. ನಮ್ಮಲ್ಲಿ ಸೈಡ್‌ಕಿಕ್.ವೈಎಂಎಲ್ ಒಳಗೆ ಕನ್‌ಕರೆನ್ಸಿ 15 ಅಂತ ಯಾರೋ ಬರೆದಿಟ್ಟಿದ್ದರು, ಪೂಲ್ ಮಾತ್ರ 5. ಜಾಬ್ ಕಡಿಮೆ ಇದ್ದಾಗ ಏನೂ ಗೊತ್ತಾಗಲ್ಲ. ತಿಂಗಳ ಕೊನೆಯಲ್ಲಿ ಇನ್‌ವಾಯ್ಸ್ ಎಲ್ಲ ಒಟ್ಟಿಗೆ ಬಂದಾಗ ಪೂಲ್‌ನಿಂದ 5.000 ಸೆಕೆಂಡ್ ಒಳಗೆ ಕನೆಕ್ಷನ್ ಸಿಗಲಿಲ್ಲ ಅಂತ ಎರರ್‌ಗಳ ಮಳೆ.

ಮಾಡಬೇಕಾದ್ದು ಇಷ್ಟೇ. ಸೈಡ್‌ಕಿಕ್ ಫೈಲಿನಿಂದ ಕನ್‌ಕರೆನ್ಸಿ ಸಾಲು ಅಳಿಸಿ. ಅದು ಇಲ್ಲದಿದ್ದರೆ ಸೈಡ್‌ಕಿಕ್ ತಾನೇ ರೈಲ್ಸ್_ಮ್ಯಾಕ್ಸ್_ಥ್ರೆಡ್ಸ್ ನೋಡುತ್ತದೆ, ಇದ್ದರೆ ಫೈಲಿನದೇ ನಡೆಯುತ್ತದೆ. ವರ್ಕರ್ ಪ್ರಾಸೆಸ್‌ಗೆ ಆ ವೇರಿಯಬಲ್ 15, ವೆಬ್‌ಗೆ 5 ಅಂತ ಕೊಡಿ. ಥ್ರೆಡ್ಡೂ ಪೂಲೂ ಒಂದೇ ಕಡೆಯಿಂದ ಬರುತ್ತವೆ. ಒಟ್ಟು ಕೂಡಿಸಿ ಪೋಸ್ಟ್‌ಗ್ರೆಸ್‌ನ ಮ್ಯಾಕ್ಸ್_ಕನೆಕ್ಷನ್ಸ್ ಮೀರಲ್ಲ ಅಂತಲೂ ನೋಡಿಕೊಳ್ಳಿ, ಮುಟ್ಟದಿದ್ದರೆ ಅದು 100 ಇರುತ್ತದೆ.

---

ಹಳೇರೈಲು

ಇಷ್ಟು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ. ವಾರಾಂತ್ಯದಲ್ಲಿ ಕೂತು ಮಾಡಿದೆ.

ಸೈಟ್.ವೈಎಂಎಲ್ ಬಂತು, ಆಶ್ಚರ್ಯಸೂಚಕ ಹಾಕಿದ್ದೇನೆ. ಹಾಕಿದ ಐದನೇ ನಿಮಿಷಕ್ಕೆ ಅದು ಫಲ ಕೊಟ್ಟಿತು, ಟೆಸ್ಟ್ ಎನ್ವಿರಾನ್‌ಮೆಂಟಿಗೆ ಹೋಸ್ಟ್ ಬರೆಯೋದನ್ನೇ ಮರೆತಿದ್ದೆ. ಸ್ಟೇಜಿಂಗ್.ಆರ್‌ಬಿ 140 ಸಾಲಿನಿಂದ 11 ಸಾಲಿಗೆ ಇಳಿಯಿತು. ಕಾಪಿ ಮಾಡಿದ ಮೇಲೆ ಎರಡೂ ಹೇಗೆ ದೂರ ಆಗಿದ್ದವು ಅಂದರೆ, ಸ್ಟೇಜಿಂಗ್‌ನಲ್ಲಿ ಫೋರ್ಸ್_ಎಸ್‌ಎಸ್‌ಎಲ್ ಇರಲೇ ಇಲ್ಲ. ನಾವು ಅಲ್ಲಿ ಟೆಸ್ಟ್ ಮಾಡಿ ಪಾಸ್ ಅಂತಿದ್ದದ್ದು ಬೇರೆಯದೇ ಆ್ಯಪ್. ಕುಕಿ ಡೊಮೈನ್ ಚಾಟ್‌ಗೆ ಬೇಕೇ ಬೇಕಂತೆ, ಅದು ಉಳಿಯಿತು.

ಬೆಣ್ಣೆದೋಸೆ ಅವರೇ, ಯಾಮಲ್.ಲೋಡ್_ಫೈಲ್ ಎರಡು ಕಡೆ ಸಿಕ್ಕಿತು. ಸೈಡ್‌ಕಿಕ್ ನಮ್ಮಲ್ಲೂ 10 ಅಂತಿತ್ತು, ಪೂಲ್ 5. ನೀವು ಹೇಳದಿದ್ದರೆ ಯಾವತ್ತೋ ಸಿಡಿಯುತ್ತಿತ್ತು.

ಒಂದು ಮಾತ್ರ ಬಗೆಹರಿಯಲಿಲ್ಲ. ಕ್ರೆಡೆನ್ಶಿಯಲ್ಸ್, ಅಂದರೆ ಗುಟ್ಟಿನ ಕೀಗಳನ್ನು ಇಡುವ ಫೈಲು. ಸ್ಟೇಜಿಂಗ್‌ಗೆ ಬೇರೆ ಎನ್‌ಕ್ರಿಪ್ಟ್ ಫೈಲ್ ಮಾಡಿದ ತಕ್ಷಣ ಮುಖ್ಯ ಫೈಲಿನಲ್ಲಿರುವುದು ಯಾವುದೂ ಅಲ್ಲಿ ಸಿಗುತ್ತಿಲ್ಲ. ಮ್ಯಾಪ್ ಸರ್ವೀಸಿನ ಕೀ ಎಲ್ಲ ಕಡೆ ಒಂದೇ, ಅದನ್ನು ಎರಡು ಸಲ ಬರೆಯಬೇಕಾ?

---

ಅಡಿಕೆತೋಟ

ಹೌದು, ಅದು ಬೆರೆಸಲ್ಲ. ಎನ್ವಿರಾನ್‌ಮೆಂಟಿನ ಫೈಲ್ ಇದ್ದರೆ ಅದನ್ನು ಮಾತ್ರ ಓದುತ್ತದೆ, ಮುಖ್ಯ ಫೈಲಿನ ಕಡೆ ತಿರುಗಿಯೂ ನೋಡಲ್ಲ. 6.0ರಲ್ಲಿ ಈ ಸೌಲಭ್ಯ ಬಂದಾಗಿನಿಂದ ಹಾಗೇ ಇದೆ. ಎರಡು ಸಲ ಬರೆಯಿರಿ, ತಪ್ಪೇನಿಲ್ಲ. ಇನ್ನೂ ಒಳ್ಳೆಯದು, ಸ್ಟೇಜಿಂಗ್‌ಗೆ ಬೇರೆ ಕೀ ತೆಗೆದುಕೊಳ್ಳಿ. ಸ್ಟೇಜಿಂಗ್‌ನಲ್ಲಿ ಯಾರೋ ಲೂಪ್ ಬರೆದು ಕೋಟಾ ಖಾಲಿ ಮಾಡಿದರೆ ಪ್ರೊಡಕ್ಷನ್ ಮ್ಯಾಪು ಯಾಕೆ ಸಾಯಬೇಕು? ಇದು ಮೊಸರನ್ನ ಅವರ 30ರ ಜಾತಿಯದು.

---

ಹಳೇರೈಲು

ಸರಿ, ಬೇರೆ ಕೀಗೆ ಮೇಲ್ ಹಾಕಿದ್ದೇನೆ. ಕೊನೆಗೆ ಇಡೀ ರೆಪೊದಲ್ಲಿ ಹಳೇ ಡೊಮೈನ್ ಹೆಸರನ್ನು ಗ್ರೆಪ್ ಮಾಡಿದೆ. ಇನ್ನೂ ಮೂರು ಸಿಕ್ಕಿದವು. ಒಂದು ಎಂಜಿನ್‌ಎಕ್ಸ್ (ವೆಬ್ ಸರ್ವರ್) ಫೈಲು, ಒಂದು ರೀಡ್‌ಮಿ, ಮೂರನೆಯದು 404 ಪೇಜ್‌ನ "ಮುಖಪುಟಕ್ಕೆ ಹೋಗಿ" ಲಿಂಕು. ಅದು ಪಬ್ಲಿಕ್ ಫೋಲ್ಡರಿನ ಬರೀ ಎಚ್‌ಟಿಎಂಎಲ್, ರೈಲ್ಸ್ ಅದರೊಳಗೆ ಏನನ್ನೂ ತುಂಬಲ್ಲ. ಡೊಮೈನೇ ತೆಗೆದು ಸುಮ್ನೆ / ಹಾಕಿದೆ.